ಪರಸ್ಪರ ಒಪ್ಪಿಗೆಯ ವಿಚ್ಛೇದನ: ರಾಜಿ ಒಪ್ಪಂದಕ್ಕೆ ಸಹಿ ಹಾಕುವ ಮುಂಚೆ ದುಡ್ಡಿನ ವಿಷಯದಲ್ಲಿ ಏನೇನು ನೋಡಬೇಕು?

ಬೆಳ್ಳಿಚುಕ್ಕಿ
ಎಲ್ಲರಿಗೂ ನಮಸ್ಕಾರ. ನಾನು ಮತ್ತು ನನ್ನ ಗಂಡ ಒಪ್ಪಿಕೊಂಡೇ ಬೇರೆಯಾಗುತ್ತಿದ್ದೇವೆ. ಜಗಳದ ಕಾಲ ಮುಗಿಯಿತು, ಇಬ್ಬರಿಗೂ ಸಾಕಾಗಿದೆ. ಹಿಂದೂ ವಿವಾಹ ಕಾಯ್ದೆಯ 13ಬಿ ಪ್ರಕಾರ ಅರ್ಜಿ ಹಾಕುವುದು ಅಂತ ಮಾತಾಗಿದೆ. ಅವರ ವಕೀಲರು ರಾಜಿ ಒಪ್ಪಂದದ ಕರಡು ಕಳಿಸಿದ್ದಾರೆ.

ಅದರಲ್ಲಿ ಹೀಗಿದೆ. ಒಂದು ಮೊತ್ತವನ್ನು ಒಟ್ಟಿಗೆ ಕೊಡುತ್ತಾರೆ. ಆಮೇಲೆ "ಪತ್ನಿಗಾಗಲಿ ಮಗುವಿಗಾಗಲಿ ಮುಂದೆ ಯಾವುದೇ ಹಕ್ಕು ಇರುವುದಿಲ್ಲ". ಮನೆ ಇಬ್ಬರ ಹೆಸರಿನಲ್ಲಿದೆ, ಹೋಮ್ ಲೋನ್ ಕೂಡ ಇಬ್ಬರ ಹೆಸರಿನಲ್ಲಿದೆ. ಕರಡಿನಲ್ಲಿ "ಮನೆ ಪತಿಗೆ, ಸಾಲವನ್ನು ಪತಿಯೇ ತೀರಿಸತಕ್ಕದ್ದು" ಅಂತ ಒಂದೇ ಸಾಲು. ನನ್ನ ಒಡವೆ ಅತ್ತೆಯವರ ಲಾಕರ್‌ನಲ್ಲಿದೆ. ಆದರೆ "ಎಲ್ಲ ವಸ್ತುಗಳು ಈಗಾಗಲೇ ಕೊಟ್ಟು ತೆಗೆದುಕೊಂಡಾಗಿದೆ" ಅಂತ ಬರೆದಿದ್ದಾರೆ. ಕೇಳಿದರೆ "ಅದು ಎಲ್ಲರೂ ಬರೆಯುವ ಸಾಲು, ಒಡವೆ ಆಮೇಲೆ ಕೊಡುತ್ತೇವೆ" ಅನ್ನುತ್ತಾರೆ. ಮಗಳಿಗೆ ನಾಲ್ಕು ವರ್ಷ, ನನ್ನ ಜೊತೆಯಲ್ಲೇ ಇರುತ್ತಾಳೆ.

ನಾನು ಕೆಲಸದಲ್ಲಿದ್ದೇನೆ, ಅವರ ಸಂಬಳಕ್ಕೆ ಹೋಲಿಸಿದರೆ ನನ್ನದು ತುಂಬಾ ಕಡಿಮೆ. ಅಣ್ಣ "ಸಹಿ ಹಾಕಿ ಮುಗಿಸು, ನೆಮ್ಮದಿಯಾಗಿರು" ಅನ್ನುತ್ತಾನೆ. ನನಗೆ ಧೈರ್ಯ ಬರುತ್ತಿಲ್ಲ. ಇದನ್ನೆಲ್ಲ ನೋಡಿದವರು ಹೇಳಿ.

ನೇರಮಾತು
ಒಡವೆ ಕೈಗೆ ಬರದೆ "ಬಂದಿದೆ" ಅಂತ ಸಹಿ ಹಾಕಬೇಡಿ. ಮಿಕ್ಕಿದ್ದು ಆಮೇಲೆ.

ದಾರಿಹೋಕ
ನಿಮ್ಮ ಅಣ್ಣ ಹೇಳುವುದೇ ಸರಿ ಅನ್ನಿಸುತ್ತೆ. ಪ್ರತಿ ಸಾಲಿಗೂ ತಕರಾರು ತೆಗೆದರೆ ಅವರು ಒಪ್ಪಿಗೆಯಿಂದಲೇ ಹಿಂದೆ ಸರಿಯಬಹುದು. ಆಮೇಲೆ ಬರೀ ದಿನಾಂಕ ತೆಗೆದುಕೊಳ್ಳುವುದೇ ಕೆಲಸ ಆಗುತ್ತೆ. ನನ್ನ ಸ್ನೇಹಿತನ ಕೇಸ್ ವರ್ಷಗಟ್ಟಲೆ ನಡೆಯಿತು. ಇಬ್ಬರ ಉಳಿತಾಯವೂ ವಕೀಲರ ಫೀಸಿಗೇ ಹೋಯಿತು.

ಗಟ್ಟಿಗಿತ್ತಿ
@ದಾರಿಹೋಕ ಬೇಗ ಮುಗಿಸುವುದು ಬೇರೆ, ಕಣ್ಣು ಮುಚ್ಚಿ ಸಹಿ ಹಾಕುವುದು ಬೇರೆ. ನಾಲ್ಕು ಸಾಲು ತಿದ್ದಿ ಅಂದರೆ ಓಡಿಹೋಗುವ ಒಪ್ಪಿಗೆ ಎಂಥ ಒಪ್ಪಿಗೆ? ತಿದ್ದಿಸುವುದಕ್ಕೆ ಇದೇ ಸಮಯ. ಡಿಕ್ರಿ, ಅಂದರೆ ಕೋರ್ಟಿನ ವಿಚ್ಛೇದನದ ಆದೇಶ, ಆದಮೇಲೆ ಯಾರೂ ಫೋನ್ ಕೂಡ ಎತ್ತುವುದಿಲ್ಲ.

ಹಳೆ ವಕೀಲ
ಈ ಕೇಸುಗಳನ್ನೇ ಬಹಳ ಕಾಲ ನಡೆಸಿದವನು ನಾನು. ನಿಮ್ಮ ಕರಡನ್ನು ಒಂದೊಂದೇ ನೋಡೋಣ.

ಮೊದಲು ಮಗುವಿನ ವಿಷಯ. "ಮಗುವಿಗೆ ಮುಂದೆ ಯಾವುದೇ ಹಕ್ಕು ಇರುವುದಿಲ್ಲ" ಅಂತ ತಾಯಿ ಬರೆದುಕೊಟ್ಟರೂ ಅದು ಮಗುವನ್ನು ಕಟ್ಟಿಹಾಕುವುದಿಲ್ಲ. ಜೀವನಾಂಶ ಮಗುವಿನ ಹಕ್ಕು, ಅದನ್ನು ಬಿಟ್ಟುಕೊಡಲು ತಾಯಿಗೆ ಅಧಿಕಾರ ಇಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಮಗು ವಯಸ್ಕ ಆಗುವ ತನಕ ಕೇಳಬಹುದು. ಹೆಣ್ಣುಮಗಳಾದರೆ, ಸ್ವಂತವಾಗಿ ಬದುಕಲು ಆಗದಿದ್ದಲ್ಲಿ, ಮದುವೆ ಆಗುವ ತನಕವೂ ಕೇಳಬಹುದು. ಆದರೂ ಆ ಸಾಲನ್ನು ತೆಗೆಸಲೇಬೇಕು. ಇದ್ದರೆ ನಾಳೆ ಅದನ್ನೇ ಹಿಡಿದು ವಾದ ಮಾಡುತ್ತಾರೆ, ನೀವು ಮತ್ತೆ ಕೋರ್ಟಿಗೆ ಅಲೆಯಬೇಕು. ಮಗುವಿನ ಮೊತ್ತ ಬೇರೆ, ನಿಮ್ಮ ಮೊತ್ತ ಬೇರೆ ಅಂತ ಎರಡು ಸಾಲಿನಲ್ಲಿ ಬರೆಸಿ. ತಿಂಗಳ ಮೊತ್ತವಾದರೆ ವರ್ಷಕ್ಕೆ ಇಷ್ಟು ಪರ್ಸೆಂಟ್ ಏರಬೇಕು ಅಂತ ಸೇರಿಸಿ. ಶಾಲೆಯ ಫೀಸು, ಆಸ್ಪತ್ರೆ ಖರ್ಚು ಯಾರದ್ದು ಅಂತಲೂ ಬರಲಿ. ನಾಲ್ಕು ವರ್ಷದ ಮಗುವಿಗೆ ಈಗ ಸಾಲುವ ಹಣ ಹದಿನಾಲ್ಕು ವರ್ಷದ ಹುಡುಗಿಗೆ ಸಾಲುತ್ತಾ?

ಎರಡನೆಯದು ಹಣ ಯಾವಾಗ ಕೈಗೆ ಬರುತ್ತೆ ಅನ್ನುವುದು. 13ಬಿಯಲ್ಲಿ ಎರಡು ಹಂತ. ಮೊದಲು ಅರ್ಜಿ, ಆರು ತಿಂಗಳ ನಂತರ ಮತ್ತು ಹದಿನೆಂಟು ತಿಂಗಳ ಒಳಗೆ ಎರಡನೇ ಹೇಳಿಕೆ, ಅಂದರೆ ಇಬ್ಬರೂ ಕೋರ್ಟಿನಲ್ಲಿ ಮತ್ತೊಮ್ಮೆ ಒಪ್ಪಿಗೆ ಹೇಳುವುದು. ಆರು ತಿಂಗಳು ಕಾಯಲೇಬೇಕು ಅಂತಿಲ್ಲ, ಸೂಕ್ತ ಪ್ರಕರಣದಲ್ಲಿ ಕೋರ್ಟ್ ಬಿಡಬಹುದು ಅಂತ ಸುಪ್ರೀಂ ಕೋರ್ಟ್ 2017ರಲ್ಲಿ ಅಮರ್‌ದೀಪ್ ಸಿಂಗ್ ಪ್ರಕರಣದಲ್ಲಿ ಹೇಳಿದೆ. ಆದರೆ ಡಿಕ್ರಿ ಆಗುವ ತನಕ ಇಬ್ಬರಲ್ಲಿ ಯಾರು ಬೇಕಾದರೂ ಒಪ್ಪಿಗೆ ವಾಪಸ್ ಪಡೆಯಬಹುದು. ಇದು 1991ರ ಸುರೇಷ್ಟಾ ದೇವಿ ತೀರ್ಪು. ಹಾಗಾಗಿ ಒಂದು ಭಾಗ ಮೊದಲ ಹಂತದಲ್ಲಿ, ಉಳಿದದ್ದು ಎರಡನೇ ಹೇಳಿಕೆಯ ದಿನ ಕೋರ್ಟಿನಲ್ಲೇ ಡಿಡಿ ಮೂಲಕ ಅಂತ ಬರೆಸಿ. "ಡಿಕ್ರಿ ಆದ ನಂತರ ಇಷ್ಟು ದಿನದಲ್ಲಿ ಕೊಡುತ್ತೇವೆ" ಅಂದರೆ ಒಪ್ಪಬೇಡಿ.

ಮನೆಯ ವಿಷಯವನ್ನು ಬ್ಯಾಂಕಿನವರು ಯಾರಾದರೂ ಹೇಳಿದರೆ ಒಳ್ಳೆಯದು. ಅದರಲ್ಲೇ ಜಾಸ್ತಿ ಜನ ಸಿಕ್ಕಿಹಾಕಿಕೊಳ್ಳುವುದು.

ಬ್ಯಾಂಕಿನವಳು
ಸಾಲದ ವಿಭಾಗದಲ್ಲೇ ಕೆಲಸ ನನ್ನದು, ಹೇಳುತ್ತೇನೆ.

"ಸಾಲವನ್ನು ಪತಿಯೇ ತೀರಿಸತಕ್ಕದ್ದು" ಅನ್ನುವುದು ನಿಮ್ಮಿಬ್ಬರ ನಡುವಿನ ಮಾತು. ಬ್ಯಾಂಕ್ ಅದಕ್ಕೆ ಸಹಿ ಹಾಕಿಲ್ಲ. ಸಾಲದ ಕರಾರಿನಲ್ಲಿ ನೀವಿಬ್ಬರೂ ಸಾಲಗಾರರು. ಇಬ್ಬರಲ್ಲಿ ಯಾರಿಂದ ಬೇಕಾದರೂ ಪೂರ್ತಿ ಬಾಕಿ ಕೇಳುವ ಹಕ್ಕು ಬ್ಯಾಂಕಿಗಿದೆ. ವಿಚ್ಛೇದನ ಆಗಿ ಎಷ್ಟೋ ಕಾಲದ ಮೇಲೆ ಅವರು ಇಎಂಐ ನಿಲ್ಲಿಸಿದರೂ ನಿಮಗೆ ನೋಟಿಸ್ ಬರುತ್ತೆ, ನಿಮ್ಮ ಸಿಬಿಲ್ ಸ್ಕೋರ್ (ಸಾಲ ಸರಿಯಾಗಿ ತೀರಿಸುತ್ತೀರಾ ಅಂತ ತೋರಿಸುವ ಅಂಕ) ಬೀಳುತ್ತೆ. ಈ ಸಾಲ ನಿಮ್ಮ ಲೆಕ್ಕದಲ್ಲಿ ಇರುವ ತನಕ ನಾಳೆ ನಿಮ್ಮದೇ ಸಣ್ಣ ಮನೆಗೆ ಲೋನ್ ಕೇಳಿದರೂ ಕಷ್ಟ.

ದಾರಿ ಮೂರಿವೆ. ಮನೆ ಮಾರಿ ಸಾಲ ತೀರಿಸಿ ಮಿಕ್ಕಿದ್ದನ್ನು ಹಂಚಿಕೊಳ್ಳುವುದು. ಅಥವಾ ಅವರು ಬ್ಯಾಂಕಿಗೆ ಅರ್ಜಿ ಕೊಟ್ಟು ಸಾಲವನ್ನು ತಮ್ಮೊಬ್ಬರ ಹೆಸರಿಗೆ ಮಾಡಿಸಿಕೊಳ್ಳುವುದು. ಆಗ ಬ್ಯಾಂಕ್ ಅವರೊಬ್ಬರ ಆದಾಯ ಸಾಕಾಗುತ್ತಾ ಅಂತ ಹೊಸದಾಗಿ ನೋಡುತ್ತೆ. ಸಾಕಾಗದಿದ್ದರೆ ಒಪ್ಪುವುದಿಲ್ಲ. ಇಲ್ಲವೇ ಅವರು ಬೇರೆ ಬ್ಯಾಂಕಿನಲ್ಲಿ ಒಬ್ಬರ ಹೆಸರಲ್ಲೇ ಸಾಲ ತೆಗೆದು ಇದನ್ನು ಮುಚ್ಚುವುದು. ಯಾವುದಾದರೂ ಸರಿ, ಎರಡನೇ ಹೇಳಿಕೆಗೆ ಮುಂಚೆ ಆಗಲಿ. ನಿಮ್ಮ ಹೆಸರು ಬಿಟ್ಟಿದೆ ಅನ್ನುವ ಪತ್ರವನ್ನು ಬ್ಯಾಂಕಿನಿಂದ ಪಡೆದುಕೊಳ್ಳಿ.

ಬೆಳ್ಳಿಚುಕ್ಕಿ
@ಬ್ಯಾಂಕಿನವಳು ಅಕ್ಕ, ಇದು ನಿಜಕ್ಕೂ ಗೊತ್ತಿರಲಿಲ್ಲ. ಡಿಕ್ರಿಯಲ್ಲೇ "ಸಾಲ ಪತಿಯದ್ದು" ಅಂತ ಕೋರ್ಟ್ ಬರೆದಿದ್ದರೂ ಬ್ಯಾಂಕ್ ಕೇಳುವುದಿಲ್ಲವಾ?

ಬ್ಯಾಂಕಿನವಳು
ಕೇಳುವುದಿಲ್ಲ. ಬ್ಯಾಂಕ್ ಆ ಕೇಸಿನಲ್ಲಿ ಪಕ್ಷಗಾರ ಅಲ್ಲ. ಡಿಕ್ರಿ ಇಟ್ಟುಕೊಂಡು, ಅದರಂತೆ ನಡೆಸಿಕೊಡಿ ಅಂತ ನಿಮ್ಮ ಗಂಡನ ಮೇಲೆ ನೀವು ಜಾರಿ ಅರ್ಜಿ ಹಾಕಬಹುದು. ಬ್ಯಾಂಕನ್ನು ತಡೆಯಲು ಆಗದು.

ಇನ್ನೊಂದು ಮಾತು. ಮನೆಯಲ್ಲಿ ನಿಮ್ಮ ಪಾಲು ಬಿಟ್ಟುಕೊಡುವ ಪತ್ರಕ್ಕೆ ಮೊದಲೇ ಸಹಿ ಹಾಕಬೇಡಿ. ಪಾಲು ಹೋಗಿ ಸಾಲ ಉಳಿದರೆ ನಿಮ್ಮ ಕೈಯಲ್ಲಿ ಏನೂ ಇಲ್ಲ. ಸಾಲದಿಂದ ಹೆಸರು ಹೊರಗೆ ಬಂದಮೇಲೆ, ಇಲ್ಲವೇ ಅದೇ ದಿನ, ಹಕ್ಕು ಬಿಡುಗಡೆ ಪತ್ರ.

ನೇರಮಾತು
ಆ ಪತ್ರ ಸಬ್ ರಿಜಿಸ್ಟ್ರಾರ್ ಕಚೇರಿಯಲ್ಲಿ ನೋಂದಣಿ ಆಗಬೇಕು. ಬಾಂಡ್ ಪೇಪರ್ ಮೇಲೆ ಬರೆದು ನೋಟರಿ ಹಾಕಿಸಿದರೆ ಸ್ಥಿರಾಸ್ತಿಯ ಹಕ್ಕು ಹೋಗುವುದಿಲ್ಲ, ಬರುವುದೂ ಇಲ್ಲ.

ಮೌನರಾಗ
ಬಾಂಡ್ ಪೇಪರ್ ಅಂದಾಗ ನೆನಪಾಯಿತು. ನಮ್ಮ ಸಂಬಂಧಿಕರ ಮನೆಯಲ್ಲಿ ಹಿರಿಯರು ಕೂತು, ಬಾಂಡ್ ಪೇಪರ್ ಮೇಲೆ "ನಾವಿಬ್ಬರೂ ಬೇರೆಯಾಗಿದ್ದೇವೆ" ಅಂತ ಬರೆಸಿ ಸಹಿ ಮಾಡಿಸಿದ್ದಾರೆ. ಅದು ನಡೆಯುತ್ತಾ?

ಹಳೆ ವಕೀಲ
@ಮೌನರಾಗ ನಡೆಯುವುದಿಲ್ಲ. ಕೋರ್ಟಿನ ಡಿಕ್ರಿ ಇಲ್ಲದೆ ಹಿಂದೂ ವಿವಾಹ ಮುರಿಯುವುದಿಲ್ಲ. ಕೆಲವು ಸಮುದಾಯಗಳ ರೂಢಿಯ ವಿಚ್ಛೇದನವನ್ನು ಹಿಂದೂ ವಿವಾಹ ಕಾಯ್ದೆಯ 29(2)ನೇ ಸೆಕ್ಷನ್ ಉಳಿಸಿದೆ. ಆದರೆ ಅಂಥ ರೂಢಿ ಇದೆ ಅಂತ ಹೇಳುವವರೇ ಅದನ್ನು ಸಾಬೀತು ಮಾಡಬೇಕು, ಅದು ಸುಲಭ ಅಲ್ಲ. ಆ ಪತ್ರ ನಂಬಿ ಇಬ್ಬರಲ್ಲಿ ಒಬ್ಬರು ಮರುಮದುವೆ ಆದರೆ ಆ ಮದುವೆಯೇ ಅಸಿಂಧು ಆಗುತ್ತೆ. ದ್ವಿಪತ್ನಿತ್ವದ ಕೇಸ್ ಬೇರೆ. ಅವರಿಗೆ ಈಗಲೇ ಹೇಳಿ.

ಮೌನರಾಗ
ಅಯ್ಯೋ. ಇವತ್ತೇ ಫೋನ್ ಮಾಡುತ್ತೇನೆ ಸರ್.

ದಾರಿಹೋಕ
ಎಲ್ಲರೂ ಒಂದೇ ಕಡೆ ವಾಲಿದ್ದೀರಿ. ವಿಚ್ಛೇದನ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ಹೆಂಡತಿಗೆ ಹೋಗುತ್ತೆ ಅಂತ ಕಾನೂನೇ ಇದೆಯಲ್ಲ. ಇವರು ಇಷ್ಟು ಹೆದರುವುದು ಯಾಕೆ?

ಗಟ್ಟಿಗಿತ್ತಿ
ಯಾವ ಕಾನೂನು? ಸೆಕ್ಷನ್ ಹೇಳಿ.

ಹಳೆ ವಕೀಲ
@ದಾರಿಹೋಕ ಅಂಥ ಕಾನೂನು ನಮ್ಮಲ್ಲಿ ಇಲ್ಲ. ತುಂಬಾ ಜನ ಹಾಗೆ ನಂಬಿದ್ದಾರೆ, ಅದಕ್ಕೇ ಸ್ವಲ್ಪ ಬಿಡಿಸಿ ಹೇಳುತ್ತೇನೆ. ಯಾರ ಹೆಸರಲ್ಲಿ ಆಸ್ತಿ ಇದೆಯೋ ಅದು ಅವರದ್ದು. ಮದುವೆಯ ಸಮಯದಲ್ಲಿ ಇಬ್ಬರಿಗೂ ಸೇರಿ ಬಂದ ವಸ್ತುಗಳ ಬಗ್ಗೆ ಮಾತ್ರ ಹಿಂದೂ ವಿವಾಹ ಕಾಯ್ದೆಯ 27ನೇ ಸೆಕ್ಷನ್ ಇದೆ. ಗೋವಾದಲ್ಲಿ ಅಲ್ಲಿನ ಸಿವಿಲ್ ಸಂಹಿತೆಯಿಂದಾಗಿ ಗಂಡ ಹೆಂಡತಿಯ ಆಸ್ತಿ ಸಾಮಾನ್ಯವಾಗಿ ಇಬ್ಬರಿಗೂ ಸೇರಿದ್ದು. ಬೇರೆ ಕಡೆ ಹಾಗಿಲ್ಲ. ಮದುವೆಯ ನಂತರ ಬಂದ ಆಸ್ತಿಯಲ್ಲಿ ಹೆಂಡತಿಗೂ ಪಾಲು ಕೊಡುವ ತಿದ್ದುಪಡಿ ಮಸೂದೆ 2013ರಲ್ಲಿ ರಾಜ್ಯಸಭೆಯಲ್ಲಿ ಪಾಸಾಗಿತ್ತು, ಆದರೆ ಕಾನೂನು ಆಗಲಿಲ್ಲ. ಹೆಂಡತಿಗೆ ಸಿಗುವುದು ಜೀವನಾಂಶ, ಆಸ್ತಿಯ ಪಾಲಲ್ಲ. ಅದಕ್ಕೇ ಮನೆ ಕೆಲಸ ಬಿಟ್ಟು ಬೇರೇನೂ ಮಾಡಲು ಬಿಡದ ಮನೆಗಳಿಂದ ಬಂದ ಹೆಣ್ಣುಮಕ್ಕಳು ಬರಿಗೈಯಲ್ಲಿ ನಿಲ್ಲುವುದು. ನನ್ನ ಮಟ್ಟಿಗೆ ಇದು ನಮ್ಮ ಕೌಟುಂಬಿಕ ಕಾನೂನಿನ ದೊಡ್ಡ ಲೋಪ.

ಒಬ್ಬ ಅಪ್ಪ
ನಾನು ಇನ್ನೊಂದು ಕಡೆಯಿಂದ ಹೇಳುತ್ತೇನೆ, ಬೈಯಬೇಡಿ. ಮಗನ ಖರ್ಚಿಗೆ ಪ್ರತಿ ತಿಂಗಳು ತಪ್ಪದೆ ಹಣ ಕಳಿಸುತ್ತೇನೆ. ಒಪ್ಪಂದದಲ್ಲಿ "ತಂದೆ ಮಗುವನ್ನು ಭೇಟಿ ಮಾಡಬಹುದು" ಅಂತ ಮಾತ್ರ ಇದೆ. ಯಾವ ದಿನ, ಎಷ್ಟು ಹೊತ್ತು, ರಜೆಯಲ್ಲಿ ಎಲ್ಲಿ, ಏನೂ ಇಲ್ಲ. ಪ್ರತಿ ಸಲ ಹುಷಾರಿಲ್ಲ, ಪರೀಕ್ಷೆ, ನೆಂಟರು ಬಂದಿದ್ದಾರೆ. ಹಣ ನಿಲ್ಲಿಸೋಣ ಅಂತ ಎಷ್ಟೋ ಸಲ ಅನ್ನಿಸಿದೆ, ನಿಲ್ಲಿಸಿಲ್ಲ. ಬೆಳ್ಳಿಚುಕ್ಕಿಯವರೇ, ನಿಮ್ಮ ಮಗಳ ಅಪ್ಪ ಕೆಟ್ಟ ತಂದೆ ಅಲ್ಲದಿದ್ದರೆ ಭೇಟಿಯ ದಿನ, ಸಮಯ ಎಲ್ಲ ಬಿಡಿಸಿ ಬರೆಸಿ. ಅದು ಮಗುವಿಗೂ ಒಳ್ಳೆಯದು.

ನೇರಮಾತು
ಹಣ ಕೊಡದ ಗಂಡಸರೇ ಜಾಸ್ತಿ. ಕೊಡದಿದ್ದರೆ ಮಗು ತೋರಿಸಬೇಡಿ, ತಾನಾಗಿ ದಾರಿಗೆ ಬರುತ್ತಾರೆ.

ಸಂಪಿಗೆ
@ನೇರಮಾತು ಇದನ್ನು ಒಪ್ಪಲ್ಲ. ಮಗುವೇನು ಅಡ ಇಟ್ಟ ಸಾಮಾನಾ?

ಹಳೆ ವಕೀಲ
ಕಾನೂನಿನಲ್ಲೂ ಅವು ಎರಡು ಬೇರೆ. ಹಣ ಬರಲಿಲ್ಲ ಅಂತ ಭೇಟಿ ತಡೆಯುವಂತಿಲ್ಲ, ಭೇಟಿ ಸಿಗಲಿಲ್ಲ ಅಂತ ಹಣ ನಿಲ್ಲಿಸುವಂತಿಲ್ಲ. ಎರಡಕ್ಕೂ ಕೋರ್ಟಿಗೆ ಬೇರೆ ಅರ್ಜಿ ಹಾಕಬೇಕು. @ಒಬ್ಬ ಅಪ್ಪ, ನೀವು 26ನೇ ಸೆಕ್ಷನ್ ಅಡಿ ಭೇಟಿಯ ವೇಳಾಪಟ್ಟಿ ನಿಗದಿ ಮಾಡಿ ಅಂತ ಕೇಳಬಹುದು. ಡಿಕ್ರಿ ಆದಮೇಲೂ ಆ ಬಾಗಿಲು ಮುಚ್ಚಿಲ್ಲ. ಹಣ ಕಳಿಸಿದ ದಾಖಲೆ ಎಲ್ಲ ಇಟ್ಟುಕೊಂಡು ಹೋಗಿ.

ಒಬ್ಬ ಅಪ್ಪ
ತುಂಬಾ ಧನ್ಯವಾದ ಸರ್. ಈ ಬಾಗಿಲು ಇದೆ ಅಂತಲೇ ಯಾರೂ ಹೇಳಿರಲಿಲ್ಲ.

ದಾರಿಹೋಕ
ಗಂಡನಿಗೆ ಜೀವನಾಂಶ ಅಂತ ಏನೂ ಇಲ್ಲವಲ್ಲ, ಅದು ನ್ಯಾಯವಾ?

ಗಟ್ಟಿಗಿತ್ತಿ
ಇದೆ. 24 ಮತ್ತು 25ನೇ ಸೆಕ್ಷನ್ ಗಂಡ ಹೆಂಡತಿ ಇಬ್ಬರಿಗೂ ಅನ್ವಯ. ಸ್ವಂತ ಆದಾಯ ಸಾಕಾಗದ ಗಂಡ ಕೂಡ ಕೇಳಬಹುದು. ಓದಿ ಬಂದು ವಾದ ಮಾಡಿ ದಯವಿಟ್ಟು.

ನಿರ್ವಾಹಕ
ಗಂಡಸರು, ಹೆಂಗಸರು ಅನ್ನುವ ಜಗಳಕ್ಕೆ ಬೇರೆ ಎಳೆ ತೆರೆಯಿರಿ. ಇಲ್ಲಿ ಕೇಳಿದವರ ಪ್ರಶ್ನೆಗೆ ಬನ್ನಿ.

ಸಂಪಿಗೆ
ಒಡವೆ ಬಗ್ಗೆ ಯಾರೂ ಪೂರ್ತಿ ಹೇಳಲಿಲ್ಲ. ನನ್ನ ತಂಗಿಯ ವಿಷಯ ಹೇಳುತ್ತೇನೆ. ಅವಳ ಕರಡಿನಲ್ಲೂ ಇದೇ ಸಾಲು ಇತ್ತು. ಅಮ್ಮ ಪಟ್ಟು ಹಿಡಿದು ಕೂತರು. ಮದುವೆ ಫೋಟೋ, ಅಂಗಡಿಯ ಬಿಲ್ಲು, ವಿಡಿಯೋ ಎಲ್ಲ ಸೇರಿಸಿ ಪಟ್ಟಿ ಮಾಡಿದೆವು. ಯಾವ ಒಡವೆ, ಎಷ್ಟು ಗ್ರಾಂ, ಯಾರು ಕೊಟ್ಟದ್ದು. ಆ ಪಟ್ಟಿಯನ್ನೇ ಒಪ್ಪಂದಕ್ಕೆ ಅನುಬಂಧ ಮಾಡಿಸಿದೆವು. ಮಧ್ಯಸ್ಥಿಕೆ ಕೇಂದ್ರದಲ್ಲಿ ಒಂದೊಂದನ್ನೂ ತೂಕ ನೋಡಿ, ಪಟ್ಟಿಯಲ್ಲಿ ಗುರುತು ಹಾಕಿ, ಆಮೇಲೆ "ಬಂದಿದೆ" ಅಂತ ಸಹಿ. ಅವರ ಕಡೆಯವರಿಗೆ ಸಿಟ್ಟು ಬಂತು. ಬರಲಿ. ಅವಳ ಒಡವೆ ಅವಳಿಗೆ ಬಂತು.

ಹಳೆ ವಕೀಲ
@ಸಂಪಿಗೆ ನಿಮ್ಮ ಅಮ್ಮನಿಗೆ ನನ್ನ ನಮಸ್ಕಾರ ತಿಳಿಸಿ. ಸ್ತ್ರೀಧನ ಪೂರ್ತಿ ಹೆಣ್ಣಿನ ಸ್ವಂತ ಆಸ್ತಿ. ತವರಿನವರು ಕೊಟ್ಟದ್ದೂ ಸೇರಿತು, ಗಂಡನ ಮನೆಯವರು ಅವಳಿಗೆ ಅಂತ ಕೊಟ್ಟದ್ದೂ ಸೇರಿತು. ಗಂಡನಾಗಲಿ ಅತ್ತೆಯಾಗಲಿ ಇಟ್ಟುಕೊಂಡಿದ್ದರೆ ಅವಳ ಪರವಾಗಿ ಇಟ್ಟುಕೊಂಡಂತೆ ಅಷ್ಟೇ. ಕೊಡದಿದ್ದರೆ ನಂಬಿಕೆ ದ್ರೋಹದ ಕ್ರಿಮಿನಲ್ ಕೇಸ್ ಆಗಬಹುದು ಅಂತ 1985ರಲ್ಲೇ ಪ್ರತಿಭಾ ರಾಣಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. 2024ರಲ್ಲೂ ಸ್ತ್ರೀಧನದ ಮೇಲೆ ಗಂಡನಿಗೆ ಹಕ್ಕಿಲ್ಲ ಅಂತ ಮತ್ತೆ ಹೇಳಿತು. ಆದರೆ "ಎಲ್ಲ ಬಂದಿದೆ" ಅಂತ ನೀವೇ ಸಹಿ ಹಾಕಿದರೆ ಈ ತೀರ್ಪುಗಳು ಇದ್ದೂ ನಿಮಗೆ ಉಪಯೋಗಕ್ಕೆ ಬರುವುದು ಕಷ್ಟ.

ಲೆಕ್ಕಿಗ
ತೆರಿಗೆ ಬಗ್ಗೆ ಒಂದು ಮಾತು. ಒಟ್ಟಿಗೆ ಬರುವ ಶಾಶ್ವತ ಜೀವನಾಂಶವನ್ನು ಆದಾಯ ಅಂತ ನೋಡುವುದಿಲ್ಲ, ಅದು ಬಂಡವಾಳ ರೂಪದ್ದು. ಬಾಂಬೆ ಹೈಕೋರ್ಟ್‌ನ ಹಳೆಯ ತೀರ್ಪೊಂದು ಇದಕ್ಕೆ ಆಧಾರ. ತಿಂಗಳು ತಿಂಗಳು ಬರುವುದನ್ನು ಅದೇ ತೀರ್ಪು ಆದಾಯ ಅಂದಿದೆ, ಅದಕ್ಕೆ ತೆರಿಗೆ ಬರುತ್ತೆ. ಕೊಡುವವರಿಗೆ ಎರಡರಲ್ಲೂ ವಿನಾಯಿತಿ ಇಲ್ಲ. ಒಟ್ಟಿಗೆ ಬಂದದ್ದನ್ನು ಠೇವಣಿ ಇಟ್ಟರೆ ಅದರ ಬಡ್ಡಿಗೆ ತೆರಿಗೆ ಇದ್ದೇ ಇದೆ. ಯಾವುದು ಒಳ್ಳೆಯದು ಅಂತ ಲೆಕ್ಕ ಹಾಕುವಾಗ ಇದನ್ನೂ ಸೇರಿಸಿ. ಹಣ ಬ್ಯಾಂಕ್ ಮೂಲಕವೇ ಬರಲಿ, ನಗದು ಬೇಡ.

ಮೌನರಾಗ
ಸಂಬಳದ 25 ಪರ್ಸೆಂಟ್ ಜೀವನಾಂಶ ಅಂತ ಕೇಳಿದ್ದೆ. ಆ ಲೆಕ್ಕದಲ್ಲಿ ಇವರ ಮೊತ್ತ ಸರಿ ಇದೆಯಾ ನೋಡಬಹುದಲ್ವಾ?

ಹಳೆ ವಕೀಲ
ಅದು 2017ರ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು. ಎಲ್ಲರಿಗೂ ಅನ್ವಯಿಸುವ ನಿಯಮ ಅಲ್ಲ. ಇಬ್ಬರ ಆದಾಯ, ಆಸ್ತಿ, ಸಾಲ, ವಯಸ್ಸು, ಮದುವೆ ಎಷ್ಟು ವರ್ಷ ಉಳಿಯಿತು, ಮಗು ಯಾರ ಜೊತೆ ಇದೆ, ಮನೆಗಾಗಿ ಕೆಲಸ ಬಿಟ್ಟಿದ್ದಾರಾ, ಎಲ್ಲ ನೋಡಬೇಕು. ಗಂಡನ ನಿಜವಾದ ಆದಾಯ ಗೊತ್ತಿಲ್ಲದೆ ಮೊತ್ತ ಸರಿಯೋ ತಪ್ಪೋ ಹೇಳುವುದು ಹೇಗೆ? ಜೀವನಾಂಶದ ಕೇಸುಗಳಲ್ಲಿ ಇಬ್ಬರೂ ಆಸ್ತಿ, ಸಾಲದ ಅಫಿಡವಿಟ್ ಕೊಡಬೇಕು ಅಂತ 2020ರ ನವೆಂಬರ್‌ನಲ್ಲಿ ರಜನೇಶ್ ವಿರುದ್ಧ ನೇಹಾ ತೀರ್ಪು ಬಂದಿದೆ. ನಿಮ್ಮದು ರಾಜಿ ಆದರೂ ಅದೇ ನಮೂನೆ ತುಂಬಿ ಇಬ್ಬರೂ ಬದಲಾಯಿಸಿಕೊಳ್ಳೋಣ ಅಂತ ಕೇಳಿ. ಮುಚ್ಚಿಡುವುದು ಏನೂ ಇಲ್ಲದವರು ಒಪ್ಪುತ್ತಾರೆ.

ಗಟ್ಟಿಗಿತ್ತಿ
ಬೆಳ್ಳಿಚುಕ್ಕಿಯವರಿಗೆ ಸ್ವಂತ ವಕೀಲರು ಇದ್ದಾರಾ? ಗಂಡನ ಕಡೆಯ ವಕೀಲರು ಒಳ್ಳೆಯವರೇ ಇರಬಹುದು, ಆದರೆ ಅವರು ಕೆಲಸ ಮಾಡುವುದು ಅವರ ಕಕ್ಷಿದಾರರಿಗೆ.

ಬೆಳ್ಳಿಚುಕ್ಕಿ
ಇಲ್ಲ. ಫೀಸಿನ ಯೋಚನೆಯಿಂದ "ಇಬ್ಬರಿಗೂ ಒಬ್ಬರೇ ಸಾಕು" ಅಂತ ಮಾತಾಗಿತ್ತು.

ಗಟ್ಟಿಗಿತ್ತಿ
ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರಕ್ಕೆ ಹೋಗಿ. 1987ರ ಕಾಯ್ದೆಯ 12ನೇ ಸೆಕ್ಷನ್ ಪ್ರಕಾರ ಹೆಂಗಸರಿಗೆ ಮತ್ತು ಮಕ್ಕಳಿಗೆ ಉಚಿತ ಕಾನೂನು ನೆರವು ಇದೆ. ಅದಕ್ಕೆ ಆದಾಯದ ಮಿತಿ ಇಲ್ಲ. ಸಂಬಳ ಬರುತ್ತೆ ಅಂತ ಹಿಂಜರಿಯಬೇಡಿ. ಜಿಲ್ಲಾ ನ್ಯಾಯಾಲಯದ ಆವರಣದಲ್ಲಿ ವಿಚಾರಿಸಿದರೆ ಕಚೇರಿ ತೋರಿಸುತ್ತಾರೆ.

ಮೌನರಾಗ
ಒಂದು ಸಣ್ಣ ಪ್ರಶ್ನೆ. ಅರ್ಜಿ ಹಾಕಲು ಒಂದು ವರ್ಷ ಬೇರೆ ಇರಬೇಕು ಅಂತಾರೆ. ಬಾಡಿಗೆ ಕೊಡಲು ಆಗದೆ ಒಂದೇ ಮನೆಯಲ್ಲಿ ಇರುವವರು ಏನು ಮಾಡಬೇಕು?

ಹಳೆ ವಕೀಲ
ಒಂದೇ ಸೂರಿನಡಿ ಇದ್ದರೂ ಗಂಡ ಹೆಂಡತಿಯಾಗಿ ಬಾಳುತ್ತಿಲ್ಲ ಅಂದರೆ ಅದೂ "ಬೇರೆ ಇರುವುದು" ಅಂತಲೇ. ಆಗಲೇ ಹೇಳಿದ ಸುರೇಷ್ಟಾ ದೇವಿ ತೀರ್ಪಿನಲ್ಲಿ ಇದೂ ಇದೆ.

ಬೆಳ್ಳಿಚುಕ್ಕಿ
ಎಲ್ಲರಿಗೂ ಉತ್ತರ ಬರೆಯುತ್ತಿದ್ದೇನೆ. ಕಾನೂನು ಸೇವಾ ಪ್ರಾಧಿಕಾರದಿಂದ ಒಬ್ಬ ವಕೀಲೆಯನ್ನು ಕೊಟ್ಟಿದ್ದಾರೆ. ಅವರು ಕರಡು ನೋಡಿ ನೀವು ಹೇಳಿದ್ದನ್ನೇ ಹೇಳಿದರು. ಮಗಳ ಸಾಲು ತೆಗೆದು, ಅವಳ ಮೊತ್ತ ಬೇರೆ ಮಾಡಿ, ಪ್ರತಿ ವರ್ಷ ಏರುವಂತೆ ಬರೆದಿದ್ದಾರೆ. ಭೇಟಿಯ ದಿನಗಳನ್ನು ನಾನೇ ಬಿಡಿಸಿ ಬರೆಯಿರಿ ಅಂದೆ. @ಒಬ್ಬ ಅಪ್ಪ, ಅದು ನಿಮ್ಮ ಮಾತಿನಿಂದ. ಒಡವೆ ಪಟ್ಟಿ ಅನುಬಂಧ ಆಗಿದೆ. ಮನೆ ವಿಷಯದಲ್ಲಿ ನನ್ನ ಗಂಡ ಮೊದಲು ರೇಗಿದರು. ಆಮೇಲೆ ಬ್ಯಾಂಕಿಗೆ ಹೋಗಿ ಕೇಳಿಕೊಂಡು ಬಂದರು. ಅವರ ಸಂಬಳಕ್ಕೆ ಸಾಲ ಒಬ್ಬರ ಹೆಸರಿಗೆ ಆಗುತ್ತಂತೆ. ಅದು ಆದಮೇಲೇ ಎರಡನೇ ಹೇಳಿಕೆ ಅಂತ ಒಪ್ಪಿದ್ದಾರೆ. ಅಣ್ಣನೂ ಈಗ ಸುಮ್ಮನಾಗಿದ್ದಾನೆ.

ದಾರಿಹೋಕ
ಒಪ್ಪಂದ ಮುರಿಯುತ್ತೆ ಅಂತ ಹೆದರಿದ್ದೆ, ಮುರಿಯಲಿಲ್ಲ. ಸಂತೋಷ ಆಯಿತು ಮೇಡಂ.

ಲೆಕ್ಕಿಗ
ಒಳ್ಳೆಯ ಸುದ್ದಿ. ಒಂದು ಕೆಲಸ ಬಾಕಿ ಇದೆ. ಪಿಎಫ್, ಗ್ರಾಚ್ಯುಟಿ, ವಿಮೆ, ಠೇವಣಿ, ಮ್ಯೂಚುವಲ್ ಫಂಡ್, ಇವುಗಳಲ್ಲಿ ನಾಮಿನಿ ಯಾರು ಅಂತ ನೋಡಿ. ಡಿಕ್ರಿ ಆದ ಮಾತ್ರಕ್ಕೆ ಆ ದಾಖಲೆಗಳಲ್ಲಿ ಹೆಸರು ಬದಲಾಗುವುದಿಲ್ಲ, ನೀವೇ ಹೋಗಿ ಬದಲಾಯಿಸಬೇಕು. ಉಯಿಲು ಬರೆದಿದ್ದರೆ ಅದನ್ನೂ ಹೊಸದಾಗಿ ಬರೆಯಿರಿ.

ಬೆಳ್ಳಿಚುಕ್ಕಿ
ಎಲ್ಲದರಲ್ಲೂ ಅವರದ್ದೇ ಹೆಸರಿದೆ! ಮಗಳು ಚಿಕ್ಕವಳು, ಅವಳನ್ನು ನಾಮಿನಿ ಮಾಡಬಹುದಾ?

ಲೆಕ್ಕಿಗ
ಮಾಡಬಹುದು. ಅವಳಿಗೆ 18 ತುಂಬುವ ತನಕ ಅವಳ ಪರವಾಗಿ ಹಣ ಪಡೆಯುವ ವಯಸ್ಕರೊಬ್ಬರ ಹೆಸರು ಅದೇ ಫಾರ್ಮ್‌ನಲ್ಲಿ ಕೇಳುತ್ತಾರೆ. ಆ ಜಾಗ ಖಾಲಿ ಬಿಡಬೇಡಿ, ನಿಮಗೆ ನಂಬಿಕೆ ಇರುವವರ ಹೆಸರು ಹಾಕಿ. ಪಿಎಫ್‌ದನ್ನು ಆನ್‌ಲೈನ್‌ನಲ್ಲೇ ಬದಲಾಯಿಸಬಹುದು, ಮಿಕ್ಕಿದ್ದಕ್ಕೆ ಆಯಾ ಕಚೇರಿಯಲ್ಲಿ ಕೇಳಿ. ಬದಲಾಯಿಸಿದ ರಸೀದಿಗಳನ್ನು ಡಿಕ್ರಿಯ ಪ್ರತಿಯ ಜೊತೆಗೇ ಇಟ್ಟುಕೊಳ್ಳಿ.